ಮುಂದೆ ಓದುವವರಿಗಾಗಿ ಕೋಡ್ ಬರೆಯಿರಿ: ಪ್ರೋಗ್ರಾಮರ್‌ಗೆ ಹದಿಮೂರು ಸೂತ್ರ

ಬೆಂಗಳೂರಿನಲ್ಲಿ ಕೋಡಿಂಗ್ ಕಲಿಸುವ ಕೋರ್ಸುಗಳಿಗೆ ಬರವಿಲ್ಲ. ಇಂಟರ್‌ವ್ಯೂ ದಾಟುವುದು ಹೇಗೆ ಎಂದು ಹೇಳಿಕೊಡುವವರು ಬೀದಿಗೊಬ್ಬರಿದ್ದಾರೆ. ಆದರೆ ಕೆಲಸಕ್ಕೆ ಸೇರಿ ಐದಾರು ವರ್ಷವಾಗುವ ಹೊತ್ತಿಗೆ ಒಬ್ಬರ ಮಾತಿಗೆ ಇಡೀ ತಂಡ ಕಿವಿಗೊಡುತ್ತದೆ, ಇನ್ನೊಬ್ಬರು ಬರೆದ ಫೈಲನ್ನು ಮುಟ್ಟಲು ಎಲ್ಲರೂ ಹೆದರುತ್ತಾರೆ. ಈ ವ್ಯತ್ಯಾಸಕ್ಕೆ ಜಾಣತನ ಕಾರಣವೆಂದು ನನಗೆ ಅನ್ನಿಸಿಲ್ಲ. ಕಂಪ್ಯೂಟರ್ ಒಂದು ಸಲ ಒಪ್ಪಿಕೊಂಡ ಕೋಡನ್ನು ಆಮೇಲೆ ವರ್ಷಾನುಗಟ್ಟಲೆ ಓದುವವರು, ತಿದ್ದುವವರು, ಅಪರಾತ್ರಿ ಎದ್ದು ಸರಿಪಡಿಸುವವರು ಮನುಷ್ಯರು. ಅವರನ್ನು ನೆನೆದು ಬರೆಯುವವರು ಮೇಲೆ ಬರುತ್ತಾರೆ. ಅದನ್ನು ಕಲಿಯಲು ಓಪನ್ ಸೋರ್ಸ್‌ಗಿಂತ ಒಳ್ಳೆಯ ಶಾಲೆ ನಾನು ಕಂಡಿಲ್ಲ. ಅಲ್ಲಿ ಕೋಡೂ ತೆರೆದಿರುತ್ತದೆ, ಅದರ ಬಗ್ಗೆ ನಡೆದ ಜಗಳವೂ ತೆರೆದಿರುತ್ತದೆ.

1. ಬರೆಯುವ ಮೊದಲು ಓದಿ

ಸಂಗೀತದವರು ಕೇಳ್ಮೆಯಿಂದಲೇ ಅರ್ಧ ವಿದ್ಯೆ ಬರುತ್ತದೆ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಆ ಜಾಗ ಓದಿನದು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮೇಷ್ಟ್ರು ಜಾನ್ ಲಯನ್ಸ್, ಯುನಿಕ್ಸ್ ಆರನೇ ಆವೃತ್ತಿಯ ಕರ್ನೆಲ್‌ನ ಸುಮಾರು 9,000 ಸಾಲುಗಳಿಗೆ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಮುಂದಿನ ಆವೃತ್ತಿಯ ಲೈಸೆನ್ಸ್‌ನಲ್ಲಿ ಎಟಿ ಅಂಡ್ ಟಿ ಕಂಪನಿ ಸೋರ್ಸ್ ಕೋಡನ್ನು ತರಗತಿಯಲ್ಲಿ ಪಾಠ ಮಾಡುವುದನ್ನೇ ನಿಷೇಧಿಸಿತು. ಆಮೇಲೆ ಒಂದು ಪೀಳಿಗೆಯ ಪ್ರೋಗ್ರಾಮರ್‌ಗಳು ಲಯನ್ಸರ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸಿನದೂ ಜೆರಾಕ್ಸ್ ಮಾಡಿಸಿ, ಕೈಯಿಂದ ಕೈಗೆ ದಾಟಿಸಿ ಓದಿದರು. ಅದು ಅಧಿಕೃತವಾಗಿ ಪ್ರಕಟವಾದದ್ದು 1996ರಲ್ಲಿ. ಇವತ್ತು ಲಿನಕ್ಸ್, ಪೋಸ್ಟ್‌ಗ್ರೆಸ್, ಪೈಥಾನ್ ಎಲ್ಲದರ ಒಳಗೂ ಯಾರ ಅಪ್ಪಣೆಯಿಲ್ಲದೆ ಇಣುಕಬಹುದು. ಇಣುಕುವವರು ಮಾತ್ರ ಕಡಿಮೆ.

ಮೊದಲ ಫೈಲಿನಿಂದ ಕೊನೆಯ ಫೈಲಿನವರೆಗೆ ಓದಲು ಹೊರಟರೆ ಎರಡೇ ದಿನಕ್ಕೆ ಕೈಬಿಡುತ್ತೀರಿ. ಒಂದು ಪ್ರಶ್ನೆ ಹಿಡಿದು ಒಳಗೆ ಹೋಗಿ. ಪೈಥಾನ್ ಲಿಸ್ಟ್‌ಗೆ ಒಂದೊಂದೇ ಅಂಶ ಸೇರಿಸುತ್ತ ಹೋದರೆ ಪ್ರತಿ ಸಲವೂ ಹೊಸ ಮೆಮೊರಿ ಕೇಳುತ್ತದೆಯೇ? ಸಿ ಭಾಷೆಯಲ್ಲಿರುವ ಲಿಸ್ಟ್‌ನ ಫೈಲ್ ತೆರೆದು, ಗಾತ್ರ ಬದಲಿಸುವ ಫಂಕ್ಷನ್ ಹುಡುಕಿ. ಜಾಗ 0, 4, 8, 16, 24, 32, 40, 52, 64 ಎಂದು ಹಿಗ್ಗುತ್ತದೆ ಎಂದು ಅಲ್ಲಿನ ಕಾಮೆಂಟ್‌ನಲ್ಲೇ ಬರೆದಿದ್ದಾರೆ. ಬೇಕಾದದ್ದಕ್ಕಿಂತ ಎಂಟನೇ ಒಂದು ಭಾಗದಷ್ಟು ಹೆಚ್ಚಿಗೆ ತೆಗೆದಿಟ್ಟುಕೊಳ್ಳುವುದರಿಂದ ಮತ್ತೆ ಮತ್ತೆ ಮೆಮೊರಿ ಕೇಳುವ ಖರ್ಚು ಉಳಿಯುತ್ತದೆ. ಅರ್ಧ ಗಂಟೆಯ ಓದಿಗೆ ಇಷ್ಟು ಸಿಗುತ್ತದೆ. ಜೊತೆಗೆ ಒಳ್ಳೆಯ ಕಾಮೆಂಟ್ ಹೇಗಿರಬೇಕೆಂಬ ಪಾಠವೂ ಸಿಗುತ್ತದೆ.

2. ಹೆಸರಿನಲ್ಲೇ ಅಳತೆ ಹೇಳಿ

1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ನಾಶವಾಯಿತು. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರ್ ಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು, ಇನ್ನೊಂದು ಅದನ್ನು ನ್ಯೂಟನ್‌ ಎಂದೇ ಓದಿಕೊಳ್ಳುತ್ತಿತ್ತು. ಟೈಮ್‌ಔಟ್ ಎಂದು ಹೆಸರಿಟ್ಟು 30 ಎಂದು ಬರೆದರೆ ಅದು ಸೆಕೆಂಡೋ ಮಿಲಿಸೆಕೆಂಡೋ? ಮೊತ್ತ ಎಂದು ಹೆಸರಿಟ್ಟರೆ ರೂಪಾಯಿಯೋ ಪೈಸೆಯೋ? ಹೆಸರು ಉದ್ದವಾದರೆ ಆಗಲಿ. ಎಡಿಟರ್ ಪೂರ್ತಿ ಮಾಡಿಕೊಡುತ್ತದೆ.

3. ಏನು ಬದಲಾಯಿತು ಎನ್ನುವುದಕ್ಕಿಂತ ಯಾಕೆ ಬದಲಾಯಿತು ಎಂದು ಬರೆಯಿರಿ

2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತಿದ್ದು ಅನಿವಾರ್ಯಕ್ಕೆ ಸಿಲುಕಿ. ಲಿನಕ್ಸ್ ಕರ್ನೆಲ್ ತಂಡ ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆ ಬಳಸುವ ಅವಕಾಶ ನಿಂತುಹೋಗಿತ್ತು. ಹೊಸ ಉಪಕರಣದಲ್ಲೂ ಕರ್ನೆಲ್ ತಂಡ ತನ್ನ ಶಿಸ್ತನ್ನು ಉಳಿಸಿಕೊಂಡಿತು: ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ, ಅದರ ಜೊತೆಗೆ ಅದರ ಕಾರಣ, ಕೆಳಗೆ ಹೊಣೆ ಹೊತ್ತವರ ಸಹಿ.

ನಮ್ಮ ಆಫೀಸುಗಳ ಗಿಟ್ ಇತಿಹಾಸ ತೆಗೆದರೆ ಕಾಣುವುದು ‘ಫಿಕ್ಸ್’, ‘ಅಪ್‌ಡೇಟ್’, ‘ಫೈನಲ್ ಫಿಕ್ಸ್’, ‘ರಿವ್ಯೂ ಕಾಮೆಂಟ್ಸ್’. ಇವುಗಳ ಬದಲು ಹೀಗೊಂದು ಕಮಿಟ್ ಮೆಸೇಜ್ ಇದ್ದರೆ ಎಷ್ಟು ಉಪಕಾರ ನೋಡಿ: ‘ಪೇಮೆಂಟ್ ಗೇಟ್‌ವೇ ಕೆಲವೊಮ್ಮೆ ಒಂದೇ ವಹಿವಾಟಿನ ಉತ್ತರವನ್ನು ಎರಡು ಸಲ ಕಳಿಸುತ್ತದೆ. ವಹಿವಾಟಿನ ಸಂಖ್ಯೆ ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತಿದ್ದೇವೆ. ಈ ತಪಾಸಣೆ ತೆಗೆದರೆ ಗ್ರಾಹಕರ ಖಾತೆಗೆ ಎರಡು ಸಲ ಹಣ ಜಮೆಯಾಗುತ್ತದೆ.’ ನಾಲ್ಕು ವರ್ಷದ ನಂತರ ಇದನ್ನು ಅನವಶ್ಯಕವೆಂದು ಅಳಿಸಲು ಹೊರಟವರ ಕೈಯನ್ನು ಈ ಮೂರು ವಾಕ್ಯ ತಡೆಯುತ್ತವೆ.

ಕಮಿಟ್ ಸಣ್ಣದಾಗಿದ್ದರೆ ಇನ್ನೊಂದು ಲಾಭವಿದೆ. ಗಿಟ್ ಬೈಸೆಕ್ಟ್ ಸಾವಿರ ಕಮಿಟ್‌ಗಳ ನಡುವೆ ದೋಷ ಹುಟ್ಟಿದ ಜಾಗವನ್ನು ಹತ್ತು ಸಲದ ಪರೀಕ್ಷೆಯಲ್ಲಿ ತೋರಿಸುತ್ತದೆ. ಆದರೆ ಪ್ರತಿ ಕಮಿಟ್ ತನ್ನಷ್ಟಕ್ಕೆ ಬಿಲ್ಡ್ ಆಗಬೇಕು. ಸಂಜೆ ಮನೆಗೆ ಹೊರಡುವಾಗ ಇಡೀ ದಿನದ ಕೆಲಸವನ್ನು ಒಂದೇ ಗಂಟು ಕಟ್ಟಿ ಕಮಿಟ್ ಮಾಡುವವರಿಗೆ ಇದು ಸಿಗುವುದಿಲ್ಲ.

4. ದೋಷ ಸರಿಪಡಿಸುವ ಮೊದಲು ಅದನ್ನು ಹಿಡಿಯುವ ಟೆಸ್ಟ್ ಬರೆಯಿರಿ

ನಿಮ್ಮ ಫೋನಿನಲ್ಲಿ ಎಸ್‌ಕ್ಯೂಲೈಟ್ ಇದೆ. ನಿಮ್ಮ ಬ್ರೌಸರ್‌ನಲ್ಲೂ ಇದೆ. ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ ಈ ಡೇಟಾಬೇಸನ್ನು ಇಂದಿಗೂ ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಾರೆ. 2023ರಲ್ಲಿ ಬಂದ 3.42 ಆವೃತ್ತಿಯ ಹೊತ್ತಿಗೆ ಮೂಲ ಕೋಡ್ ಸುಮಾರು 1,56,000 ಸಾಲು, ಅದನ್ನು ಪರೀಕ್ಷಿಸುವ ಕೋಡ್ 9 ಕೋಟಿ 20 ಲಕ್ಷ ಸಾಲು. ಅಂದರೆ 590 ಪಟ್ಟು. ಮೆಮೊರಿ ಮುಗಿದರೆ ಏನಾಗುತ್ತದೆ, ಡಿಸ್ಕ್‌ಗೆ ಬರೆಯುವ ನಡುವೆ ಕರೆಂಟ್ ಹೋದರೆ ಏನಾಗುತ್ತದೆ ಎಂಬುದನ್ನೂ ಅವರು ಸೃಷ್ಟಿಸಿ ನೋಡುತ್ತಾರೆ.

ನಾವು ಯಾರೂ ಅಷ್ಟು ಬರೆಯಬೇಕಾಗಿಲ್ಲ. ಒಂದು ನಿಯಮ ಸಾಕು: ಬಗ್ ಬಂತೆಂದರೆ ಮೊದಲು ಅದರಿಂದಾಗಿ ಫೇಲಾಗುವ ಟೆಸ್ಟ್, ಆಮೇಲೆ ರಿಪೇರಿ. ಟೆಸ್ಟ್ ಕಣ್ಣೆದುರು ಫೇಲಾದುದನ್ನು ನೋಡದೆ ‘ಸರಿಹೋಯಿತು’ ಎಂದವರ ಮಾತನ್ನು ನಾನು ಒಪ್ಪುವುದಿಲ್ಲ.

5. ಕನ್ನಡದಲ್ಲಿ ಟೈಪ್ ಮಾಡಿ ನೋಡಿ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಜಗತ್ತಿನ ಎಷ್ಟೋ ಕೋಡ್ ಇಂಗ್ಲಿಷ್ ಅಕ್ಷರ ಮಾತ್ರ ನೋಡಿ ಬರೆದದ್ದು. ಅದರ ದೋಷ ಮೊದಲು ಕಣ್ಣಿಗೆ ಬೀಳುವುದು ನಮಗೆ.

‘ಕರ್ನಾಟಕ’ ಎಂದು ಟೈಪ್ ಮಾಡಿ. ಓದುವವರಿಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಪೈಥಾನ್‌ಗೆ ಅದರ ಉದ್ದ ಕೇಳಿದರೆ 7 ಎನ್ನುತ್ತದೆ. ಕ, ರ, ಅರ್ಧಾಕ್ಷರದ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ ಎಂದು ಅದು ಎಣಿಸಿತು. ಗೋ ಭಾಷೆಗೆ ಕೇಳಿದರೆ 21 ಎನ್ನುತ್ತದೆ, ಯಾಕೆಂದರೆ ಯುಟಿಎಫ್-8ರಲ್ಲಿ ಇವು ಒಂದೊಂದಕ್ಕೂ ಮೂರು ಬೈಟ್ ಬೇಕು. ಮೂರೂ ಉತ್ತರ ಸರಿ. ನಿಮ್ಮ ಫಾರಂನಲ್ಲಿ ‘ಹೆಸರು 20ಕ್ಕಿಂತ ಹೆಚ್ಚಿರಬಾರದು’ ಎಂದು ಬರೆದವರು ಯಾವ 20ನ್ನು ಮನಸ್ಸಿನಲ್ಲಿಟ್ಟಿದ್ದರು? ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಕೊನೆಯ ಅಕ್ಷರ ನಡುವೆ ತುಂಡಾಗಿ, ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ರೇಷನ್ ಕಾರ್ಡಿನಲ್ಲೋ ಅಂಕಪಟ್ಟಿಯಲ್ಲೋ ಹೀಗಾದರೆ ಅದನ್ನು ಸರಿಪಡಿಸಿಕೊಳ್ಳಲು ಕಚೇರಿ ಅಲೆಯಬೇಕಾದವರು ಆ ಹೆಸರಿನವರು, ಕೋಡ್ ಬರೆದವರಲ್ಲ.

ಇನ್ನೊಂದು ಸೂಕ್ಷ್ಮ. ‘ಕೊಡಗು’ ಪದದ ‘ಕೊ’ವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇಡಬಹುದು. ಕ ಜೊತೆಗೆ ಒತ್ವದ ಒಂದೇ ಚಿಹ್ನೆ. ಅಥವಾ ಕ ಜೊತೆಗೆ ಎತ್ವ, ಅದರ ಮೇಲೆ ಊತ್ವ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ಅಂತರವಿಲ್ಲ. ಕಂಪ್ಯೂಟರ್‌ಗೆ ಮಾತ್ರ ಅವು ಬೇರೆ ಬೇರೆ ಪದ. ಹಾಗಾಗಿ ಡೇಟಾಬೇಸ್‌ನಲ್ಲಿ ಇರುವ ಊರು ಹುಡುಕಿದರೆ ಸಿಗುವುದಿಲ್ಲ. ಒಳಗೆ ಬರುವ ಎಲ್ಲ ಪಠ್ಯವನ್ನೂ ಬಾಗಿಲಲ್ಲೇ ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಿದರೆ ಈ ತೊಂದರೆ ತಪ್ಪುತ್ತದೆ. ‘ಸಾಫ್ಟ್‌ವೇರ್’ ಪದದ್ದು ಅದರಾಚೆಯ ತೊಂದರೆ. ‘ಟ್’ ಕೆಳಗೆ ‘ವ’ ಒತ್ತಾಗಿ ಇಳಿಯಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಿರುತ್ತೇವೆ. ನಾರ್ಮಲೈಸ್ ಮಾಡಿದರೂ ಅದು ಹೋಗದು. ಕೆಲವರು ಹಾಕಿರುತ್ತಾರೆ, ಕೆಲವರು ಹಾಕಿರುವುದಿಲ್ಲ. ಹುಡುಕಾಟಕ್ಕೆ ಬಳಸುವ ಪ್ರತಿಯಲ್ಲಿ ಅದನ್ನು ತೆಗೆದುಹಾಕಿ. ತೋರಿಸುವ ಪ್ರತಿಯಲ್ಲಿ ಉಳಿಸಿ. ಎಲ್ಲ ಕಡೆಯೂ ತೆಗೆದರೆ ಓದುವವರಿಗೆ ಅಕ್ಷರ ಒತ್ತಾಗಿ ಕೆಡುತ್ತದೆ.

ಅಕ್ಷರ ಎಣಿಸಲು ಲೈಬ್ರರಿ ಇದೆಯಲ್ಲ ಎನ್ನಬಹುದು. ಇವೆ, ಆದರೆ ‘ರ್ನಾ’ವನ್ನು ಎರಡಾಗಿ ಒಡೆದು ಎಣಿಸುವವೂ ಇವೆ. ಸ್ವತಃ ಪರೀಕ್ಷಿಸಿದ ಮೇಲೆಯೇ ನಂಬಿ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಹಾಗಿದ್ದೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ಕಡತಗಳು ಇನ್ನೂ ಕೈಗೆ ಬರುತ್ತವೆ. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕೋಡ್, ಮೇಲೆ ಕಾಣುವುದು ಕನ್ನಡದ ಆಕಾರ. ಪರಿವರ್ತಿಸುವವರೆಗೆ ಅದರಲ್ಲಿ ಒಂದು ಪದವನ್ನೂ ಹುಡುಕಲಾಗದು.

ನಿಮ್ಮ ಟೆಸ್ಟ್ ಫೈಲಿನಲ್ಲಿ ‘ಎಬಿಸಿ’ ಜೊತೆಗೆ ಕರ್ನಾಟಕ, ಕೊಡಗು, ಸಾಫ್ಟ್‌ವೇರ್, ಸೂರ್ಯ, ಜ್ಯೋತ್ಸ್ನಾ ಎಂಬ ಐದು ಪದ ಸೇರಿಸಿ. ಇಷ್ಟಕ್ಕೆ ಐದು ನಿಮಿಷ ಸಾಕು.

6. ಅಳೆಯದೆ ವೇಗ ಹೆಚ್ಚಿಸಲು ಹೋಗಬೇಡಿ

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1974ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಪ್ರೊಫೈಲರ್ ಓಡಿಸಿ. ಸಮಯ ಎಲ್ಲಿ ಹೋಗುತ್ತಿದೆ ಎಂಬ ನಿಮ್ಮ ಊಹೆ ಬಹುಪಾಲು ತಪ್ಪಾಗಿರುತ್ತದೆ.

7. ಹಳೆಯದನ್ನು ಪೂರ್ತಿ ಕೆಡವುವ ಮಾತು ಬಂದಾಗ ತಡೆಯಿರಿ

ನೆಟ್‌ಸ್ಕೇಪ್ ತನ್ನ ಬ್ರೌಸರ್‌ನ ನಾಲ್ಕನೇ ಆವೃತ್ತಿಯನ್ನು 1997ರಲ್ಲಿ ಕೊಟ್ಟಿತು. 1998ರಲ್ಲಿ ಸೋರ್ಸ್ ಕೋಡ್ ತೆರೆದಿಟ್ಟಿತು. ಓಪನ್ ಸೋರ್ಸ್ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಆದರೆ ಮುಂದೆ ಎಲ್ಲವನ್ನೂ ಹೊಸದಾಗಿ ಬರೆಯಲು ಹೊರಟು, ಮುಂದಿನ ಆವೃತ್ತಿ ಜನರ ಕೈಗೆ ಬರುವಾಗ 2000ದ ನವೆಂಬರ್. ಐದನೇ ಆವೃತ್ತಿ ಬರಲೇ ಇಲ್ಲ, ನೇರ ಆರನೆಯದು. ಅಷ್ಟರಲ್ಲಿ ಬಳಕೆದಾರರು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆ ಹೋಗಿದ್ದರು. ಹಳೆಯ ಕೋಡಿನಲ್ಲಿ ಅಸಹ್ಯವಾಗಿ ಕಾಣುವ ಪ್ರತಿಯೊಂದು ‘ಇಫ್’ ಹಿಂದೆ ಯಾರೋ ಒಬ್ಬ ಗ್ರಾಹಕರಿಗೆ ಆದ ತೊಂದರೆ ಇರಬಹುದು. ಒಂದು ಮೂಲೆಯಿಂದ ಶುರು ಮಾಡಿ, ಟೆಸ್ಟ್ ಸುತ್ತಿಟ್ಟು, ಸ್ವಲ್ಪ ಸ್ವಲ್ಪವೇ ಬದಲಿಸಿ.

ಹಾಗೆಂದು ಹಳೆಯದನ್ನು ಕಣ್ಣುಮುಚ್ಚಿ ಹೊತ್ತು ತರುವುದೂ ಬೇಡ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿ ಒಂದು ನಿಮಿಷದೊಳಗೆ ಸಿಡಿಯಿತು. ಏರಿಯಾನ್ 4ರಿಂದ ತಂದ ಕೋಡ್ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಅಲ್ಲಿ ಹಿಡಿಸಲಿಲ್ಲ. ಹಳೆಯ ರಾಕೆಟ್‌ನ ವೇಗಕ್ಕೆ ಅದು ಸರಿಯಾಗಿತ್ತು.

8. ಹೊರಗಿನ ಪ್ಯಾಕೇಜ್ ತರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ

2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದರು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದು ಹೋದ ಕೂಡಲೇ ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತಿತು. 2021ರ ಡಿಸೆಂಬರ್‌ನಲ್ಲಿ ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲಾಗ್‌ಫೋರ್‌ಜೆಯ ಭದ್ರತಾ ದೋಷ ಹೊರಬಿದ್ದಾಗ, ಆ ಲೈಬ್ರರಿ ತಮ್ಮಲ್ಲಿ ಇದೆಯೋ ಇಲ್ಲವೋ ಎಂದು ಕಂಡುಕೊಳ್ಳಲೇ ದೊಡ್ಡ ದೊಡ್ಡ ಕಂಪನಿಗಳಿಗೆ ದಿನಗಳು ಹಿಡಿದವು.

ಹಾಗಾಗಿ ಯಾವ ಪ್ಯಾಕೇಜ್ ತರುವಾಗಲೂ ಕೇಳಿ: ಇದನ್ನು ಈಚೆಗೆ ನೋಡಿಕೊಂಡವರು ಯಾರು? ಇದು ಬೆನ್ನಿಗೆ ಇನ್ನೆಷ್ಟು ಪ್ಯಾಕೇಜ್ ಕಟ್ಟಿಕೊಂಡು ಬರುತ್ತದೆ? ಲೈಸೆನ್ಸ್ ಏನು? ನಾಳೆ ಇದು ಮಾಯವಾದರೆ ನಾವೇ ಬರೆದುಕೊಳ್ಳಬಲ್ಲೆವೇ? ಹನ್ನೊಂದು ಸಾಲಿನದಾದರೆ ನೀವೇ ಬರೆಯಿರಿ. ಎನ್‌ಕ್ರಿಪ್ಶನ್, ದಿನಾಂಕ, ಟೈಮ್‌ಝೋನ್ ಇವನ್ನು ಮಾತ್ರ ನೀವೇ ಬರೆಯಲು ಹೋಗಬೇಡಿ.

9. ನಿಮ್ಮ ಸಂಬಳದ ಕೆಳಗೆ ಯಾರ ದುಡಿಮೆ ಇದೆ ಎಂದು ತಿಳಿದುಕೊಳ್ಳಿ

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸುದ್ದಿಯಾಯಿತು. ನೆಟ್‌ವರ್ಕ್ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಒಂದು ಕಡೆ, ‘ನಾನು ಕಳಿಸಿದ್ದು ಇಷ್ಟುದ್ದ ಇದೆ, ಹಾಗೇ ವಾಪಸ್ ಕಳಿಸು’ ಎಂದು ಎದುರಿನವರು ಹೇಳಿದ ಉದ್ದವನ್ನು ಕೋಡ್ ತಾಳೆ ನೋಡದೆ ನಂಬುತ್ತಿತ್ತು. ಸುಳ್ಳು ಉದ್ದ ಹೇಳಿದವರಿಗೆ ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸಿಗುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀಲಿಯೇ ಇರಬಹುದು. ದೋಷ ಎರಡು ವರ್ಷದಿಂದ ಎಲ್ಲರ ಕಣ್ಣೆದುರೇ ತೆರೆದಿತ್ತು. ಜಗತ್ತಿನ ಬ್ಯಾಂಕುಗಳ ಬಾಗಿಲು ಕಾಯುತ್ತಿದ್ದ ಆ ಯೋಜನೆಗೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು.

ಹತ್ತು ವರ್ಷದ ನಂತರ, 2024ರ ಮಾರ್ಚ್‌ನಲ್ಲಿ, ಎಕ್ಸ್‌ಝಡ್ ಪ್ರಕರಣ. ಫೈಲ್ ಕುಗ್ಗಿಸುವ ಈ ಲೈಬ್ರರಿಯನ್ನು ಬಹುಕಾಲ ಒಬ್ಬರೇ ಬಿಡುವಿನಲ್ಲಿ ನೋಡಿಕೊಂಡು ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಪ್ಯಾಚ್ ಕಳಿಸಿ ವಿಶ್ವಾಸ ಗಳಿಸಿದರು. ಇನ್ಯಾರೋ ಕೆಲವರು ‘ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಒತ್ತಡ ಹಾಕಿದರು. ಜವಾಬ್ದಾರಿ ಕೈಗೆ ಬಂದ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತು. ಅದು ಸಿಕ್ಕಿಬಿದ್ದದ್ದು ಪೋಸ್ಟ್‌ಗ್ರೆಸ್ ತಂಡದ ಆಂಡ್ರೆಸ್ ಫ್ರಾಯಿಂಡ್ ಅವರಿಂದ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಎಂದು ಅವರು ಬಿಡದೆ ಹುಡುಕಿದರು. ಸೋರ್ಸ್ ತೆರೆದಿದ್ದರಿಂದಲೇ ಅವರು ತಳದವರೆಗೆ ಹೋಗಲು ಸಾಧ್ಯವಾಯಿತು. ಅರ್ಧ ಸೆಕೆಂಡನ್ನು ಅಲಕ್ಷಿಸದವರು ಒಬ್ಬರು ಇದ್ದದ್ದೂ ಅಷ್ಟೇ ಮುಖ್ಯ.

ಓಪನ್ ಸೋರ್ಸ್ ತಾನೇ ತಾನಾಗಿ ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರಾದರೂ ಕೂತು ನೋಡಿದಾಗ ಮಾತ್ರ ಅದು ಸುರಕ್ಷಿತ, ಮತ್ತು ನೋಡುವವರೂ ಊಟ ಮಾಡಬೇಕು. ಬೆಂಗಳೂರಿನ ಜೆರೋಧಾ 2024ರಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀಸಲಿಡುವುದಾಗಿ ಘೋಷಿಸಿತು. ಓಪನ್ ಸೋರ್ಸ್ ಮೇಲೆಯೇ ವ್ಯಾಪಾರ ಕಟ್ಟಿದ ಪ್ರತಿ ಕಂಪನಿಯೂ ತನ್ನ ಶಕ್ತ್ಯನುಸಾರ ಇದನ್ನು ಮಾಡಬೇಕು. ಹಣವಿಲ್ಲದಿದ್ದರೆ ಎಂಜಿನಿಯರ್‌ಗಳ ವಾರದ ಅರ್ಧ ದಿನವಾದರೂ ಕೊಡಬೇಕು. ಅಪ್ರೈಸಲ್ ಮೀಟಿಂಗ್‌ನಲ್ಲಿ ಇದನ್ನು ಕೇಳಿ. ಕೇಳುವವರಿಲ್ಲದೆ ಯಾವ ಮ್ಯಾನೇಜರ್ ಕೂಡ ಕೊಡುವುದಿಲ್ಲ.

10. ಲೈಸೆನ್ಸ್ ಓದಿ

ಎಂಐಟಿ, ಬಿಎಸ್‌ಡಿ, ಅಪಾಚೆ: ಹೆಸರು ಉಳಿಸಿ, ಏನು ಬೇಕಾದರೂ ಮಾಡಿ. ಅಪಾಚೆಯಲ್ಲಿ ಪೇಟೆಂಟ್ ಬಗ್ಗೆಯೂ ಸ್ಪಷ್ಟ ಮಾತಿದೆ. ಜಿಪಿಎಲ್: ಬದಲಿಸಿ ಹಂಚಿದರೆ ನಿಮ್ಮ ಬದಲಾವಣೆಯ ಸೋರ್ಸನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಎಜಿಪಿಎಲ್: ಬದಲಿಸಿದ್ದನ್ನು ಹಂಚದೆ ನಿಮ್ಮ ಸರ್ವರ್‌ನಲ್ಲಿಟ್ಟು ನೆಟ್‌ವರ್ಕ್ ಮೂಲಕ ಸೇವೆ ಕೊಟ್ಟರೂ ಆ ಹೊಣೆ ತಪ್ಪದು. ಲೈಸೆನ್ಸೇ ಇಲ್ಲದೆ ಗಿಟ್‌ಹಬ್‌ನಲ್ಲಿ ಬಿದ್ದಿರುವ ಕೋಡನ್ನು ನಿಮ್ಮ ಉತ್ಪನ್ನಕ್ಕೆ ತರುವ ಹಕ್ಕು ನಿಮಗಿಲ್ಲ.

ಲೈಸೆನ್ಸ್ ಬದಲಾಗುವುದೂ ಉಂಟು. 2023ರಲ್ಲಿ ಟೆರಾಫಾರ್ಮ್, 2024ರಲ್ಲಿ ರೆಡಿಸ್ ತಮ್ಮ ಷರತ್ತು ಬಿಗಿ ಮಾಡಿದವು. ಬಳಸುತ್ತಿದ್ದವರು ಹಿಂದಿನ ಕೋಡ್ ಹಿಡಿದು ಓಪನ್‌ಟೋಫು, ವಾಲ್ಕಿ ಎಂದು ಬೇರೆ ದಾರಿ ಹಿಡಿದರು. ರೆಡಿಸ್ 2025ರಲ್ಲಿ ಎಜಿಪಿಎಲ್ ಮೂಲಕ ಮತ್ತೆ ಓಪನ್ ಸೋರ್ಸ್‌ಗೆ ಮರಳಿತು. ಕವಲೊಡೆಯುವ ಈ ಹಕ್ಕು ಬಳಕೆದಾರರ ಕೈಯಲ್ಲಿರುವ ನಿಜವಾದ ಬಲ. ನೀವು ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಒಪ್ಪಂದವನ್ನೂ ಒಮ್ಮೆ ತೆಗೆದು ನೋಡಿ. ಬಿಡುವಿನಲ್ಲಿ ಬರೆದ ಕೋಡೂ ಕಂಪನಿಯದೇ ಎಂದು ಅದರಲ್ಲಿ ಇರಬಹುದು.

11. ಮೊದಲ ಕೊಡುಗೆ ಸಣ್ಣದಾದರೂ ಯಾರಿಗಾದರೂ ಬೇಕಾದದ್ದಾಗಿರಲಿ

ಓಪನ್ ಸೋರ್ಸ್ ಕೊಡುಗೆಗೆ ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀಶರ್ಟ್ ಎಂದಾಗ, ರೀಡ್‌ಮೀ ಫೈಲಿಗೆ ಒಂದು ವಿಶೇಷಣ ಸೇರಿಸಿದಂಥ ರಿಕ್ವೆಸ್ಟ್‌ಗಳ ಪ್ರವಾಹವೇ ಹರಿಯಿತು. ಬಿಡುವಿನಲ್ಲಿ ಕೆಲಸ ಮಾಡುವ ಮೇಂಟೇನರ್‌ಗಳು ಅದನ್ನು ಗುಡಿಸಿ ಸುಸ್ತಾದರು. ಕೊನೆಗೆ, ಒಪ್ಪಿದ ಯೋಜನೆಗಳಿಗೆ ಮಾತ್ರ ಅನ್ವಯ ಎಂದು ನಿಯಮ ತಿದ್ದಬೇಕಾಯಿತು. ರೆಸ್ಯೂಮೆಗಾಗಿ ಬಂದ ಕೊಡುಗೆ ಮೊದಲ ಸಾಲಿನಲ್ಲೇ ಗುರುತು ಸಿಗುತ್ತದೆ.

ಒಳ್ಳೆಯ ಬಗ್ ರಿಪೋರ್ಟ್ ಕೂಡ ಕೊಡುಗೆಯೇ, ಬಹಳ ದೊಡ್ಡ ಕೊಡುಗೆ. ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ದೋಷ ಕಾಣುವ ಅತಿ ಸಣ್ಣ ಉದಾಹರಣೆ ಯಾವುದು: ಈ ಐದು ಇದ್ದರೆ ಮೇಂಟೇನರ್ ನಿಮ್ಮ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಕನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರ್‌ನ ಚೆಕ್ ಕಳಿಸುತ್ತಿದ್ದರು. ಎಷ್ಟೋ ಮಂದಿ ಅದನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ.

ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂದು ಶುರುವಾಗಿ, ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರಾದ ಸಮಾವೇಶ, ಕೇಳಿ ಹೋಗುವವರಿಗಿಂತ ಕೋಡ್ ಕೊಡುವವರನ್ನು ಬೆಳೆಸಲು ಒತ್ತು ಕೊಟ್ಟಿತ್ತು. ಆ ಒತ್ತು ಇವತ್ತಿಗೂ ಬೇಕು. ಕನ್ನಡ ಬಲ್ಲವರಿಗಂತೂ ಬಾಗಿಲುಗಳು ತೆರೆದೇ ಇವೆ. ಟೆಸರಾಕ್ಟ್ ಒಸಿಆರ್ ಕನ್ನಡ ಓದುತ್ತದೆ. ಹಳೆಯ ಅಚ್ಚಿನ ಪುಟ ಕೊಟ್ಟು ಎಲ್ಲಿ ತಪ್ಪುತ್ತದೆ ಎಂದು ತೋರಿಸಿ. ಹಾರ್ಫ್‌ಬಝ್ ಎಂಬ ಲೈಬ್ರರಿ ಒತ್ತಕ್ಷರಗಳನ್ನು ಜೋಡಿಸುತ್ತದೆ. ಲೋಹಿತ್, ನೋಟೋ ಮುಕ್ತ ಫಾಂಟ್‌ಗಳು. ಇವುಗಳಲ್ಲಿ ಮೂರು ಒತ್ತಿನ ಪದ ಕೆಟ್ಟು ಕಂಡರೆ ಅದನ್ನು ಗುರುತಿಸಿ ಹೇಳಬಲ್ಲವರು ಕನ್ನಡ ಓದುವವರು ಮಾತ್ರ. ಫೈರ್‌ಫಾಕ್ಸ್, ವಿಕಿಪೀಡಿಯದ ತಂತ್ರಾಂಶಗಳ ಕನ್ನಡ ಅನುವಾದ ಸ್ವಯಂಸೇವಕರ ದುಡಿಮೆ. ಅಲ್ಲಿ ಯಾವತ್ತೂ ಕೈಗಳು ಸಾಲವು.

12. ರಿವ್ಯೂನಲ್ಲಿ ಸಣ್ಣವರ ಬಾಯಿ ಬಿಡಿಸಿ

ನಮ್ಮ ಕಚೇರಿಗಳಲ್ಲಿ ಹೊಸಬರು ತಪ್ಪು ಕಂಡರೂ ಸುಮ್ಮನಿರುತ್ತಾರೆ. ‘ಸರ್ ಬರೆದದ್ದು, ಏನೋ ಕಾರಣ ಇರಬೇಕು’ ಎಂದುಕೊಂಡು ಅಪ್ರೂವ್ ಒತ್ತುತ್ತಾರೆ. ನಾನು ಕಂಡ ಒಳ್ಳೆಯ ತಂಡಗಳಲ್ಲಿ ಹಿರಿಯರೇ ಮೊದಲು ಕೇಳುತ್ತಾರೆ: ‘ಈ ಸಾಲು ನಿಮಗೆ ಅರ್ಥವಾಯಿತಾ? ಆಗದಿದ್ದರೆ ಹೇಳಿ, ನಾನು ತಿದ್ದುತ್ತೇನೆ.’ ಓದಿದವರಿಗೆ ಅರ್ಥವಾಗದ್ದನ್ನು ಕೋಡಿನ ಕೊರತೆ ಎಂದು ಅಲ್ಲಿ ಎಣಿಸುತ್ತಾರೆ. ಟೀಕೆ ಕೋಡಿನ ಮೇಲಿರಲಿ, ಬರೆದವರ ಮೇಲೆ ಬೇಡ. ವರ್ಷಗಟ್ಟಲೆ ಕಟುವಾದ ಈಮೇಲ್‌ಗಳಿಗೆ ಹೆಸರಾಗಿದ್ದ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ದೂರ ಉಳಿದರು. ಕರ್ನೆಲ್ ನಿಲ್ಲಲಿಲ್ಲ, ಗುಣಮಟ್ಟವೂ ಇಳಿಯಲಿಲ್ಲ. ಗದರದಿದ್ದರೆ ಕೆಲಸ ಆಗದು ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಎಐ ಬರೆದುಕೊಟ್ಟ ಕೋಡಿಗೂ ಇದೇ ಕಟ್ಟಳೆ. ನೀವು ಸಾಲು ಸಾಲಾಗಿ ವಿವರಿಸಲಾಗದ ಕೋಡನ್ನು ಇನ್ನೊಬ್ಬರ ರಿವ್ಯೂಗೆ ಕಳಿಸಬೇಡಿ. ಕರ್ಲ್ ಯೋಜನೆಯನ್ನು 1998ರಿಂದ ನಡೆಸಿಕೊಂಡು ಬಂದಿರುವ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹುಟ್ಟಿಸಿದ ಸುಳ್ಳು ಭದ್ರತಾ ದೂರುಗಳು ತಮ್ಮ ತಂಡದ ಸಮಯವನ್ನು ಎಷ್ಟು ತಿನ್ನುತ್ತಿವೆ ಎಂದು ಮತ್ತೆ ಮತ್ತೆ ಹೇಳಿದ್ದಾರೆ.

13. ಬಿಟ್ಟುಹೋಗುವ ವ್ಯವಸ್ಥೆಯನ್ನು ಮೊದಲೇ ಮಾಡಿ

ಟೊರ್ವಾಲ್ಡ್ಸ್ ಗಿಟ್ ಶುರುಮಾಡಿ ಕೆಲವೇ ತಿಂಗಳಲ್ಲಿ, ಅದೇ 2005ರ ಜುಲೈನಲ್ಲಿ, ಅದನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಗಿಟ್ ಇಷ್ಟು ಬೆಳೆದದ್ದು ಹಮಾನೊ ಅವರ ಕೈಯಲ್ಲಿ. ತಕ್ಕವರನ್ನು ಗುರುತಿಸಿ ಸಮಯಕ್ಕೆ ಸರಿಯಾಗಿ ಕೊಟ್ಟದ್ದು, ಗಿಟ್ ಬರೆದಷ್ಟೇ ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೇನೆ.

ನಿಮ್ಮದು ಆಫೀಸಿನ ಮಾಡ್ಯೂಲ್ ಆಗಿರಲಿ, ಗಿಟ್‌ಹಬ್‌ನ ಸಣ್ಣ ಲೈಬ್ರರಿ ಆಗಿರಲಿ, ಹೊಸ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಬಿಲ್ಡ್ ಮಾಡುವ ಹಂತಗಳನ್ನು ರೀಡ್‌ಮೀಯಲ್ಲಿ ಬರೆಯಿರಿ. ಬರೆದ ಮೇಲೆ ತಂಡದ ಹೊಸಬರಿಗೆ ಕೊಟ್ಟು, ನೀವು ಬಾಯಿ ತೆರೆಯದೆ ಪಕ್ಕದಲ್ಲಿ ಕೂತು ನೋಡಿ. ಅವರು ತಡವರಿಸಿದ ಜಾಗವನ್ನು ಅಲ್ಲೇ ತಿದ್ದಿ. ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ ಕನಿಷ್ಠ ಇಬ್ಬರ ಬಳಿ ಇರಲಿ, ಆ ಎರಡನೆಯವರ ಕೆಲಸವನ್ನು ನೀವು ವರ್ಷವಾದರೂ ಕಂಡಿರಬೇಕು. ಡೊಮೈನ್ ಯಾರ ಹೆಸರಿನಲ್ಲಿದೆ, ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ, ಸಹಿಯ ಕೀಲಿ ಎಲ್ಲಿದೆ ಎಂದು ಒಂದು ಪುಟ ಬರೆದಿಡಿ. ಇನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದು ನಿಶ್ಚಯವಾದ ದಿನ ರೆಪೊಸಿಟರಿಯನ್ನು ಆರ್ಕೈವ್ ಮಾಡಿ, ಬದಲಿಗೆ ಏನು ಬಳಸಬಹುದು ಎಂದು ರೀಡ್‌ಮೀಯ ಮೊದಲ ಸಾಲಿನಲ್ಲೇ ಹೇಳಿ.